ಪಾವಕ್ಕಿಯ ಸಂಸಾರ

ಮಕ್ಕಳು ಓದಿಗೆ, ಕೆಲಸಕ್ಕೆ, ಮದುವೆಗೆಂದು ಹೊರಟುಹೋದ ಮೇಲೆ ಮನೆಯಲ್ಲಿ ಮೊದಲು ಬದಲಾಗಬೇಕಾದ್ದು ಕುಕ್ಕರು. ಕೊನೆಯವರೆಗೂ ಬದಲಾಗದೆ ಉಳಿಯುವುದೂ ಅದೇ. ಗಂಡ ಹೆಂಡತಿ ಇಬ್ಬರೇ, ಎಷ್ಟೋ ಕಡೆ ಒಬ್ಬರೇ ಇರುವ ಮನೆಯ ಒಲೆಯ ಮೇಲೆ ಐದು ಲೀಟರಿನ ಕುಕ್ಕರು ಕೂಗುತ್ತಿರುತ್ತದೆ, ಒಳಗೆ ಒಂದು ಹಿಡಿ ಬೇಳೆ. ಐದಾರು ಜನಕ್ಕೆ ರುಬ್ಬಿ ಬಡಿಸಿದ ಕೈಗೆ ಹಳೆಯ ಅಳತೆ ಬಿಟ್ಟುಹೋಗುವುದಿಲ್ಲ. ಉಳಿದದ್ದು ಫ್ರಿಜ್ಜಿಗೆ ಹೋಗುತ್ತದೆ, ನಾಳೆಗೂ ನಾಡಿದ್ದಿಗೂ ಅದೇ ಸಾರು. ಇದನ್ನೇ ಮಿತವ್ಯಯ ಎಂದು ನಂಬಿದವರು ಬೇಕಾದಷ್ಟಿದ್ದಾರೆ. ನನ್ನ ವಾದ ಬೇರೆ. ಅರವತ್ತು ದಾಟಿದವರ ಮನೆವಾರ್ತೆಯಲ್ಲಿ ಉಳಿತಾಯ ಶುರುವಾಗಬೇಕಾದ್ದು ಅಳತೆಯಿಂದ. ಒಲೆಯ ಮೇಲಿನ ಪಾತ್ರೆ, ತಟ್ಟೆಯಲ್ಲಿನ ಅಡುಗೆ, ಕೊಳ್ಳುವ ಹಳೇ ಸಾಮಾನು, ಸಾಕುವ ಬೆಕ್ಕು ಎಲ್ಲವೂ ಈಗಿನ ಕೈಬಲಕ್ಕೆ, ಈಗಿನ ಹಸಿವಿಗೆ, ಮುಂದಿರುವ ವರ್ಷಗಳಿಗೆ ಹೊಂದಬೇಕು. ಹೊಂದಿದರೆ ದುಡ್ಡು ತಾನಾಗಿ ಉಳಿಯುತ್ತದೆ, ಬಾಯಿರುಚಿಯೂ ಉಳಿಯುತ್ತದೆ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 9.5 ಮಂದಿ ಅರವತ್ತು ದಾಟಿದ್ದರು. ಹಾಗಿದ್ದೂ ನಮ್ಮ ಅಡುಗೆ ಪುಸ್ತಕಗಳು ಇನ್ನೂ ನಾಲ್ಕು ಜನಕ್ಕೆ, ಆರು ಜನಕ್ಕೆ ಎಂದೇ ಲೆಕ್ಕ ಕೊಡುತ್ತವೆ.

ಹತ್ತು ಜನರ ಅಡುಗೆಯನ್ನು ಐದರಿಂದ ಭಾಗಿಸಿದರೆ ಇಬ್ಬರ ಅಡುಗೆ ಬರುತ್ತದೆ ಎಂಬ ಲೆಕ್ಕವನ್ನು ಒಲೆ ಒಪ್ಪುವುದಿಲ್ಲ. ಸಾರಿನಿಂದ ಎಷ್ಟು ನೀರು ಆವಿಯಾಗುತ್ತದೆ ಎಂಬುದು ಪಾತ್ರೆಯ ಬಾಯಿ ಎಷ್ಟು ಅಗಲ, ಎಷ್ಟು ಹೊತ್ತು ಕುದಿಯಿತು ಎಂಬುದರ ಮೇಲೆ ನಿಂತಿದೆ. ಅಗಲ ಬಾಯಿಯ ಪಾತ್ರೆಯಲ್ಲಿ ಸಾರನ್ನು ಅರ್ಧಕ್ಕಿಳಿಸಿದರೂ ಆವಿಯಾಗುವ ನೀರು ಹೆಚ್ಚುಕಡಿಮೆ ಮೊದಲಿನಷ್ಟೇ. ಹಾಗಾಗಿ ಉಳಿದದ್ದು ಗಟ್ಟಿಯಾಗಿ ಉಪ್ಪು ಹುಳಿ ಏರುತ್ತದೆ, ಮೇಲೆ ನೀರು ಸುರಿದು ಮತ್ತೆ ಕುದಿಸುವಷ್ಟರಲ್ಲಿ ಒಗ್ಗರಣೆಯ ಘಮ ಹೋಗಿರುತ್ತದೆ. ಮಿಕ್ಸಿಯ ಕತೆಯೂ ಇಷ್ಟೇ. ದೊಡ್ಡ ಜಾರಿಗೆ ನಾಲ್ಕು ಚಮಚ ಕಾಯಿತುರಿ ಹಾಕಿದರೆ ಅದು ಹಾರಿ ಸುತ್ತಲೂ ಅಂಟಿಕೊಳ್ಳುತ್ತದೆ, ಬ್ಲೇಡಿಗೆ ಸಿಗುವುದಿಲ್ಲ. ಸಿಗಲೆಂದು ಇನ್ನಷ್ಟು ಕಾಯಿ, ಇನ್ನಷ್ಟು ನೀರು ಸೇರಿ ಕೊನೆಗೆ ಆರು ಜನದ ಚಟ್ನಿ ಆಗುತ್ತದೆ. ಮಾಡುವವರ ಕೈ ದೊಡ್ಡದೆಂದು ದೂರುವುದಕ್ಕಿಂತ ಜಾರು ದೊಡ್ಡದಾಯಿತು ಎನ್ನುವುದು ನ್ಯಾಯ. ಎರಡು ಲೀಟರಿನ ಕುಕ್ಕರು, ಬಾಯಿ ಕಿರಿದಾದ ತಪ್ಪಲೆ, ಚಟ್ನಿ ಜಾರು, ಒಂದು ಚಮಚ ಎಣ್ಣೆ ಕಾಯುವಷ್ಟು ಪುಟ್ಟ ಒಗ್ಗರಣೆ ಸೌಟು, ಇಷ್ಟಾದರೆ ಇಬ್ಬರ ಅಡುಗೆ ದಾರಿಗೆ ಬರುತ್ತದೆ. ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಬಂದರೆ ಏನು ಗತಿ ಎಂದು ಕೇಳುವವರಿಗೆ ನೇರ ಉತ್ತರವಿದೆ: ದೊಡ್ಡದೊಂದನ್ನು ಅಟ್ಟದ ಮೇಲಿಡಿ, ಇನ್ನೂ ಬೇಕಾದರೆ ಶಾಮಿಯಾನ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತದೆ. ವರ್ಷದ ನಾಲ್ಕು ದಿನಕ್ಕಾಗಿ ಉಳಿದಷ್ಟೂ ದಿನ ಭಾರ ಎತ್ತುವುದು ಮೊಣಕೈಗೂ ಒಳ್ಳೆಯದಲ್ಲ.

ಪಾತ್ರೆ ಸಣ್ಣದಾಗಲಿ ಎಂದರೆ ಊಟ ಬಡವಾಗಲಿ ಎಂದು ಅರ್ಥ ಮಾಡಿಕೊಳ್ಳಬಾರದು. ವಯಸ್ಸಾದವರ ಮನೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಉಳಿತಾಯ ರಾತ್ರಿಯ ಊಟದ್ದು: ಗಂಜಿ, ಉಪ್ಪಿನಕಾಯಿ, ಮುಗಿಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕು, ಎಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ನೂರು ಗ್ರಾಂ ತೊಗರಿಬೇಳೆಯಲ್ಲಿ ಅದರ ಅರ್ಧವೂ ಇಲ್ಲ, ಗಂಜಿ-ಉಪ್ಪಿನಕಾಯಿಯಲ್ಲಿ ಇದ್ದೂ ಇಲ್ಲದಂತೆ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಅದು ಕರಗಿದರೆ ಎದ್ದು ಕೂರುವುದೇ ಕಷ್ಟ. ಆದ್ದರಿಂದ ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಇವುಗಳ ಮೇಲೆ ಕತ್ತರಿ ಆಡಿಸಬಾರದು. ಕತ್ತರಿ ಆಡಬೇಕಾದ್ದು ಕಸದ ಬುಟ್ಟಿಗೆ ಹೋಗುವುದರ ಮೇಲೆ. ಹಳೇ ಮೈಸೂರಿನ ಬಸ್ಸಾರು ಇದಕ್ಕೆ ಒಳ್ಳೆಯ ಪಾಠ. ಸೊಪ್ಪು, ಬೇಳೆ ಅಥವಾ ಕಾಳನ್ನು ಒಟ್ಟಿಗೆ ಬೇಯಿಸಿ, ನೀರನ್ನು ಬಸಿದು, ಬಸಿದ ಕಟ್ಟಿಗೆ ಹುರಿದು ರುಬ್ಬಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಮೆಣಸಿನ ಮಸಾಲೆ ಕದಡಿ ಹುಳಿ ಬಿಟ್ಟರೆ ಸಾರು. ಬಸಿದುಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಒಂದು ಬೇಯಿಸುವಿಕೆಗೆ ಎರಡು ಪದಾರ್ಥ, ಚೆಲ್ಲುವುದಕ್ಕೆ ಏನೂ ಇಲ್ಲ. ಒಂದು ಕಟ್ಟು ದಂಟಿನ ಸೊಪ್ಪು, ಒಂದು ಹಿಡಿ ಅವರೆಕಾಳು ಇಬ್ಬರಿಗೆ ಸರಿಯಾಗಿ ಸಾಕು. ಹೀರೇಕಾಯಿ ಸಿಪ್ಪೆಯ ಚಟ್ನಿ, ಕಲ್ಲಂಗಡಿ ಹಣ್ಣಿನ ಬಿಳಿ ಭಾಗ ರುಬ್ಬಿ ಹೊಯ್ಯುವ ದೋಸೆ, ಬೇಯಿಸಿದ ಹಲಸಿನ ಬೀಜ, ಅಂಗಳದ ದೊಡ್ಡಪತ್ರೆಯ ನಾಲ್ಕೆಲೆ ಬಾಡಿಸಿ ಮಾಡುವ ತಂಬುಳಿ, ಇವೆಲ್ಲ ಬಡತನದಿಂದ ಹುಟ್ಟಿದವೇ ಇರಬಹುದು. ಆದರೆ ಬಾಳಿ ಬಂದದ್ದು ರುಚಿಯ ಬಲದಿಂದ. ಇವಕ್ಕೆ ಬೇಕಾದದ್ದು ಬಿಡುವು. ಅದು ನಿವೃತ್ತರ ಬಳಿ ಧಾರಾಳವಾಗಿದೆ.

ಇಲ್ಲಿ ಎರಡು ಎಚ್ಚರಿಕೆ. ಮೂಗು ಮತ್ತು ನಾಲಿಗೆಯ ಚುರುಕು ವಯಸ್ಸಿನೊಂದಿಗೆ ಕಡಿಮೆಯಾಗುವುದರಿಂದ ಕೈ ತಂತಾನೇ ಉಪ್ಪಿನ ಡಬ್ಬಿಯ ಕಡೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಸುಮಾರು ಒಂದು ಸಣ್ಣ ಚಮಚ. ನಿಂಬೆಹುಳಿ, ಹೊಸದಾಗಿ ಕುಟ್ಟಿದ ಕಾಳುಮೆಣಸು, ಇಂಗು, ಹಸಿಶುಂಠಿ ಆ ಕೊರತೆಯನ್ನು ಬಹುಪಾಲು ತುಂಬುತ್ತವೆ. ಎರಡನೆಯದು ತಂಗಳಿನ ವಿಷಯ. ನಮ್ಮ ಹಿರಿಯರು ತಂಗಳನ್ನ ತಿಂದು ನೂರು ವರ್ಷ ಬದುಕಲಿಲ್ಲವೇ ಎಂಬ ಆಕ್ಷೇಪ ಬಂದೇ ಬರುತ್ತದೆ. ಅವರು ತಿಂದದ್ದು ರಾತ್ರಿಯೇ ನೀರು ಹಾಕಿ ಹುಳಿಯಲು ಬಿಟ್ಟ ಅನ್ನವನ್ನು. ಅದರಲ್ಲಿ ಮೊಸರಿನಲ್ಲಿರುವಂಥದೇ ಬ್ಯಾಕ್ಟೀರಿಯಾ ಬೆಳೆದು ಹುಳಿ ಹುಟ್ಟಿಸುತ್ತವೆ. ಮಧ್ಯಾಹ್ನದ ಒಣ ಅನ್ನವನ್ನು ರಾತ್ರಿಯವರೆಗೆ ಕಟ್ಟೆಯ ಮೇಲೆ ಮುಚ್ಚಿಟ್ಟು ಬಿಸಿ ಮಾಡುವುದು ಬೇರೆಯೇ ವ್ಯವಹಾರ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣು ಬೇಯಿಸಿದರೂ ಸಾಯದು. ಬೆಚ್ಚಗಿನ ಅನ್ನದಲ್ಲಿ ಅದು ಮೊಳೆತು ಬಿಡುವ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರದ ಅನ್ನವನ್ನು ಉಳಿಸಿದ್ದು ಉಳಿತಾಯವಾಗದು, ಆಸ್ಪತ್ರೆಯ ಬಿಲ್ಲಿಗೆ ಮುಂಗಡವಾದೀತು.

ಇನ್ನು ಹಳೇ ಸಾಮಾನಿನ ವ್ಯಾಪಾರ. ಬೆಂಗಳೂರಿನ ಸಂಡೇ ಬಜಾರು, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲು, ಊರೂರಿನ ಗುಜರಿ ಅಂಗಡಿ, ಹಳೇ ಹಿತ್ತಾಳೆ ತಾಮ್ರವನ್ನು ತೂಕಕ್ಕೆ ಹಾಕಿಕೊಳ್ಳುವ ಪಾತ್ರೆ ಅಂಗಡಿ, ಇವು ಬಿಡುವಿರುವವರ ಬೇಟೆಯ ಜಾಗಗಳು. ಇಲ್ಲಿಯೂ ಅಳತೆಯೇ ಕಾಯುವುದು. ಹಿತ್ತಾಳೆಯ ಕೊಳದಪ್ಪಲೆ ಮಿನುಗಿತೆಂದು ತಂದವರು ಅದನ್ನು ಎತ್ತಲಾರದೆ ಹೂಕುಂಡ ಮಾಡುತ್ತಾರೆ. ಕೊಳ್ಳಬೇಕಾದ್ದು ಸಣ್ಣದನ್ನು: ಒಂದು ಲೀಟರು ಹಿಡಿಯುವ ಬಳಪದ ಕಲ್ಲಿನ ಮರಿಗೆ, ಪಳಗಿದ ಚಿಕ್ಕ ಬೀಡಿನ ಕಾವಲಿ, ಎಲೆಅಡಿಕೆ ಕುಟ್ಟುವ ಕುಟ್ಟಾಣಿ. ಹಲ್ಲಿಲ್ಲದವರ ಎಲೆಅಡಿಕೆಗೆಂದು ಹುಟ್ಟಿದ ಈ ಕುಟ್ಟಾಣಿಯಲ್ಲಿ ನಾಲ್ಕು ಕಾಳುಮೆಣಸು, ಎರಡು ಎಸಳು ಬೆಳ್ಳುಳ್ಳಿ ಅರೆ ನಿಮಿಷದಲ್ಲಿ ಜಜ್ಜಿ ಮುಗಿಯುತ್ತದೆ. ಇಬ್ಬರ ಸಾರಿಗೆ ಇದಕ್ಕಿಂತ ತಕ್ಕ ಯಂತ್ರ ಇನ್ನೂ ಬಂದಿಲ್ಲ. ಮರಿಗೆಗೆ ಹುಳಿ ತಗುಲಿದರೂ ಏನೂ ಆಗದು, ಒಲೆ ಆರಿಸಿದ ಮೇಲೂ ಅದರಲ್ಲಿ ಹುಳಿ ಕೊತಕೊತ ಕುದಿಯುತ್ತಿರುತ್ತದೆ, ಆ ಹೊತ್ತಿನ ಗ್ಯಾಸು ಉಳಿಯಿತು. ಹಿತ್ತಾಳೆ ಪಾತ್ರೆ ಕೊಳ್ಳುವುದೇ ಆದರೆ ಬೆಳಕಿಗೆ ಹಿಡಿದು ಒಳಗೆ ನೋಡಿ. ಬೆಳ್ಳಗೆ ಒಂದೇ ಸಮನಿದ್ದರೆ ಕಲಾಯಿ ಇದೆ, ಅಲ್ಲಲ್ಲಿ ಹಳದಿ ಕಂಡರೆ ಹೋಗಿದೆ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರವನ್ನು ತಾಗಿಸಿ ಹತ್ತಿಯಿಂದ ಸರ್ರನೆ ಸವರುವ ಕಲಾಯಿಯವರು ಈಗ ಅಪರೂಪ. ಅವರ ಕೂಲಿಯನ್ನೂ ಸೇರಿಸಿಯೇ ಬೆಲೆ ಕಟ್ಟಬೇಕು. ತವರ ಕರಗುವುದು 232 ಡಿಗ್ರಿಗೆ, ಆದ್ದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಮರೆತರೆ ಕೂಲಿ ಮತ್ತೆ ಕೊಡಬೇಕು. ಮರೆವಿರುವವರು ಸ್ಟೀಲಿನಲ್ಲೇ ಇರಲಿ.

ಹಳತು ತರಬಾರದ ಸಾಮಾನೂ ಇದೆ, ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. ಕುಕ್ಕರಿನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಗ್ಯಾಸಿನ ಟ್ಯೂಬು, ವೈರು ಸವೆದ ವಿದ್ಯುತ್ ಉಪಕರಣ, ಪದರ ಎದ್ದ ನಾನ್‌ಸ್ಟಿಕ್, ತಿಗಣೆ ಸೇರಿರಬಹುದಾದ ಹಾಸಿಗೆ, ಇನ್ನೊಬ್ಬರ ಕಾಲಿಗೆ ಸವೆದ ಚಪ್ಪಲಿ. ಅಟ್ಟೆ ನುಣುಪಾದ ಚಪ್ಪಲಿಯಿಂದ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಜೀವಮಾನದ ಉಳಿತಾಯವೆಲ್ಲ ಒಂದೇ ವಾರದಲ್ಲಿ ಖಾಲಿ. ಬಟ್ಟೆಯಲ್ಲಿ ಮಾತ್ರ ನಮ್ಮಲ್ಲಿ ಈ ವಿದ್ಯೆ ಆಗಲೇ ತುದಿ ಮುಟ್ಟಿದೆ. ಉತ್ತರ ಕರ್ನಾಟಕದ ಕೌದಿ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕವಂದಿ ಇದೆ. ಹಳೇ ಸೀರೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಹೊಲಿಯುತ್ತಾ ಬಂದು ಮೂಲೆಗಳಿಗೆ ಮಡಿಸಿದ ಬಟ್ಟೆಯ ಪುಟ್ಟ ಹೂವು ಇಡುವ ಆ ಕೆಲಸ ಇಂದು ಕಲಾ ಪ್ರದರ್ಶನಗಳಲ್ಲಿ ಗೋಡೆಯೇರಿದೆ. ಹರಿದ ಸೀರೆಗೆ ಪ್ಲಾಸ್ಟಿಕ್ ಬಕೆಟ್ ಕೊಡುವವರ ಹತ್ತಿರ ಹೋಗುವ ಮೊದಲು ಇದನ್ನು ಒಮ್ಮೆ ನೆನೆಯಬಹುದು.

ದುಡಿದು ದಣಿದವರು ಈಗಲೂ ಹಳತಿಗೆ ಕೈ ಹಾಕಬೇಕೇ, ಹೊಸದನ್ನು ಕೊಂಡು ಸುಖವಾಗಿರಬಾರದೇ ಎಂದು ಮಕ್ಕಳು ಕೇಳುತ್ತಾರೆ. ಕೊಳ್ಳಲಿ, ಬೇಡವೆನ್ನುವವರಾರು. ಆದರೆ ಇಪ್ಪತ್ತು ವರ್ಷ ಯಾರದೋ ಮನೆಯಲ್ಲಿ ದೋಸೆ ಎಬ್ಬಿಸಿದ ಕಾವಲಿ ಇವತ್ತೇ ಎಬ್ಬಿಸುತ್ತದೆ, ಹೊಸದನ್ನು ತಿಂಗಳುಗಟ್ಟಲೆ ಪಳಗಿಸಬೇಕು. ಕಾಯುವ ತಾಳ್ಮೆ ಕಡಿಮೆಯಿರುವ ವಯಸ್ಸಿಗೆ ಪಳಗಿದ್ದೇ ಲೇಸು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಪಿಂಚಣಿ ಬರುವವರಿಗೆ ಮಿತವ್ಯಯ ಒಂದು ಅಭಿರುಚಿ, ಬಾರದವರಿಗೆ ಅದು ಹೊಟ್ಟೆಪಾಡು. ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ, 80 ತುಂಬಿದ ಮೇಲೆ 500. ರಾಜ್ಯ ತನ್ನ ಪಾಲು ಸೇರಿಸಿದರೂ ಅದರಲ್ಲಿ ಬದುಕುವವರಿಗೆ ಈ ಅಂಕಣ ಉಳಿತಾಯ ಕಲಿಸಲು ಹೊರಟರೆ ಅದು ಅಧಿಕಪ್ರಸಂಗ. ಕಲಿಯಬೇಕಾದವರು ಉಳಿದವರು, ಕಲಿಸಬಲ್ಲವರು ಅವರು. ಬಸ್ಸಾರು, ಕೌದಿ ಬಂದದ್ದು ಅಂಥ ಮನೆಗಳಿಂದಲೇ.

ಕೊನೆಯದಾಗಿ ಬೆಕ್ಕು. ವಯಸ್ಸಾದವರ ಮನೆಗೆ ಬೆಕ್ಕು ಒಪ್ಪುತ್ತದೆ ಎಂಬುದಕ್ಕೆ ಕಾರಣ ಕಣ್ಣೆದುರಿಗಿದೆ. ನಾಯಿಯಂತೆ ಬೆಳಗಿನ ಜಾವ ಸರಪಳಿ ಹಿಡಿದು ಓಡಿಸುವುದಿಲ್ಲ, ದಿನದ ಅರ್ಧಕ್ಕೂ ಹೆಚ್ಚು ಹೊತ್ತು ನಿದ್ದೆ ಮಾಡುತ್ತದೆ, ಆದರೂ ಊಟದ ಹೊತ್ತು ತಪ್ಪಿದರೆ ಬಿಡುವುದಿಲ್ಲ. ಒಂಟಿ ಮನೆಯಲ್ಲಿ ಹೀಗೆ ಹೊತ್ತು ನೆನಪಿಸುವ ಒಂದು ಜೀವ ಇರುವುದು ಸಣ್ಣ ವಿಷಯವಲ್ಲ. ಆದರೆ ಮಿಕ್ಕ ಅನ್ನಕ್ಕೆ ಹಾಲು ಕಲಸಿ ಹಾಕಿದರೆ ಬೆಕ್ಕು ಪುಕ್ಕಟೆ ಬೆಳೆಯುತ್ತದೆ ಎಂಬ ಲೆಕ್ಕ ತಪ್ಪು. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಅಂಶ ಅದಕ್ಕೆ ಆಹಾರದಿಂದಲೇ ಬರಬೇಕು, ಅದಿರುವುದು ಮಾಂಸ ಮೀನಿನಲ್ಲಿ. ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಕೆಡುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನ ಅದರ ಕೆಂಪು ರಕ್ತಕಣವನ್ನು ಒಡೆಯುತ್ತದೆ. ಪಾಯಸ ನಮ್ಮ ಬೆಕ್ಕಿಗೆ ಪ್ರಾಣ ಎನ್ನುವವರಿಗೂ ಒಂದು ಮಾತು: ಬೆಕ್ಕಿಗೆ ಸಿಹಿ ರುಚಿ ಗೊತ್ತಾಗುವುದೇ ಇಲ್ಲ, ಅದು ನೆಕ್ಕುವುದು ತುಪ್ಪ ಮತ್ತು ಕೆನೆಗಾಗಿ. ಉಪ್ಪು ಮಸಾಲೆಯಿಲ್ಲದೆ ಬೇಯಿಸಿದ ಕೋಳಿ, ಮೀನನ್ನು ನಡುನಡುವೆ ಕೊಟ್ಟು, ಉಳಿದಂತೆ ಬೆಕ್ಕಿಗೆಂದೇ ತಯಾರಾದ ಆಹಾರ ಹಾಕುವುದು ಸರಿಯಾದ ದಾರಿ. ಮನೆಯೊಳಗೆ ಮೀನು ತರಲಾಗದು, ಪೊಟ್ಟಣವೂ ಬೇಡ ಎನ್ನುವವರು ಬೆಕ್ಕು ಸಾಕದಿರುವುದೇ ಮೇಲು. ನಮ್ಮ ವ್ರತ ನಮ್ಮ ತಟ್ಟೆಗೆ ಮಾತ್ರ.

ಕಾಲಿಗೆ ಸುತ್ತಿಕೊಂಡು ಬೀಳಿಸುತ್ತದೆ ಎಂಬ ಭಯ ನಿಜವಾದದ್ದು. ಅದರ ತಟ್ಟೆಯನ್ನು ಅಡುಗೆಮನೆಯ ಓಡಾಟದ ದಾರಿಯಿಂದ ದೂರ ಇಡುವುದು, ರಾತ್ರಿ ಬಚ್ಚಲ ದಾರಿಗೆ ಒಂದು ಸಣ್ಣ ದೀಪ ಉರಿಸುವುದು, ಇಷ್ಟರಲ್ಲಿ ಬಹಳಷ್ಟು ಪರಿಹಾರವಾಗುತ್ತದೆ. ದೊಡ್ಡ ಪ್ರಶ್ನೆ ವರ್ಷಗಳದ್ದು. ಮನೆಯೊಳಗೇ ಇರುವ ಬೆಕ್ಕು ಹದಿನೈದು ವರ್ಷ ಬದುಕುವುದು ವಿಶೇಷವಲ್ಲ. ಎಪ್ಪತ್ತೈದರ ಅಜ್ಜಿ ಎರಡು ತಿಂಗಳ ಮರಿಯನ್ನು ತಂದರೆ ಅದರ ಮುಪ್ಪಿನ ಹೊತ್ತಿಗೆ ಅವರಿಗೆ ತೊಂಬತ್ತು. ಮರಿ ಪರದೆ ಏರುತ್ತದೆ, ನಡುರಾತ್ರಿ ಕಾಲ್ಬೆರಳು ಕಚ್ಚುತ್ತದೆ, ದೊಡ್ಡದಾದ ಮೇಲೆ ಹೇಗಿರುತ್ತದೋ ಹೇಳಲಾಗದು. ಆರೇಳು ವರ್ಷದ ಬೆಕ್ಕಿನ ಗುಣ ಮೊದಲ ದಿನವೇ ಗೊತ್ತು: ಮಡಿಲಿಗೆ ಬರುತ್ತದೋ ದೂರ ಕೂರುತ್ತದೋ, ಪರಚುತ್ತದೋ ಇಲ್ಲವೋ. ಮರಿಗಳನ್ನು ಒಯ್ಯಲು ಜನ ಸಿಗುತ್ತಾರೆ, ದೊಡ್ಡ ಬೆಕ್ಕುಗಳಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ತರುವುದಾದರೆ ಬೆಳೆದ ಬೆಕ್ಕನ್ನೇ ತನ್ನಿ. ಸಂತಾನಹರಣ ಚಿಕಿತ್ಸೆ ಆಗಿದೆಯೇ ಕೇಳಿ, ರೇಬೀಸ್ ಲಸಿಕೆ ತಪ್ಪಿಸಬೇಡಿ, ಮರಳಿನ ತಟ್ಟೆ ತೆಗೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ನಿಮಗೆ ಆಗದ ದಿನ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮಗಳನ್ನೋ ಪಕ್ಕದ ಮನೆಯವರನ್ನೋ ಈಗಲೇ ಕೇಳಿ ಒಪ್ಪಿಸಿಟ್ಟುಕೊಳ್ಳಿ, ಲಸಿಕೆಯ ಚೀಟಿಯ ಒಂದು ಪ್ರತಿ ಅವರ ಕೈಲಿರಲಿ.