ಲೋಡ್ ಗಾಡಿಗೆ ರೀಮ್ಯಾಪ್ ಒಗ್ಗುತ್ತದೆಯೇ?

ರೀಮ್ಯಾಪ್ ಎಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ, ಅಂದರೆ ಇಸಿಎಂನ, ಒಳಗಿನ ಲೆಕ್ಕವನ್ನು ತಿದ್ದುವುದು. ಸ್ಟಿಯರಿಂಗ್ ಕೆಳಗಿರುವ ಓಬಿಡಿ ಪೋರ್ಟಿಗೆ ಕೇಬಲ್ ಚುಚ್ಚಿ, ಕಂಪನಿ ಬರೆದಿಟ್ಟ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಅಂಕಿಗಳನ್ನು ಬದಲಿಸಿ ಮತ್ತೆ ಏರಿಸುತ್ತಾರೆ. ಆ ಫೈಲು ಮಗ್ಗಿ ಪುಸ್ತಕದಂಥ ಕೋಷ್ಟಕಗಳ ಕಂತೆ. ಒಂದು ಬದಿಗೆ ಆರ್‌ಪಿಎಂ, ಇನ್ನೊಂದು ಬದಿಗೆ ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂಬ ಲೆಕ್ಕ. ಎರಡೂ ಕೂಡುವ ಮನೆಯಲ್ಲಿ ಪ್ರತಿ ಸಲ ಎಷ್ಟು ಡೀಸೆಲ್ ಚಿಮ್ಮಬೇಕು ಎಂಬ ಅಂಕಿ. ಆ ಅಂಕಿಯನ್ನೂ ಟರ್ಬೊ ಒತ್ತಡವನ್ನೂ ಒಟ್ಟಿಗೆ ಏರಿಸಿದರೆ ಬಲ ಹೆಚ್ಚುತ್ತದೆ. ಇದು ಬರೀ ಮಾತಲ್ಲ, ನಿಜ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಮುಖ್ಯವಾಗಿ ದುಡಿಯುವ ಗಾಡಿಗಳದು. ಅಡಿಕೆ ಚೀಲ ಹೇರಿಕೊಂಡು ಚನ್ನಗಿರಿಯ ಅಡಿಕೆ ಸಹಕಾರ ಸಂಘ ತುಮ್ಕೋಸ್‌ಗೆ ಬರುವ ಪಿಕಪ್, ಜಗಳೂರಿನ ಮೆಕ್ಕೆಜೋಳವನ್ನು ದಾವಣಗೆರೆ ಎಪಿಎಂಸಿಗೆ ಸಾಗಿಸುವ ಗಾಡಿ, ಭದ್ರಾ ನಾಲೆಯ ಗದ್ದೆಯಲ್ಲಿ ಕೇಜ್‌ವೀಲ್ ಹಾಕಿಕೊಂಡು ಕೆಸರು ತುಳಿಯುವ ಟ್ರಾಕ್ಟರ್ ಇವುಗಳ ಮಾಲೀಕರಿಗೆ ಬೇಕಿರುವುದು ವೇಗವಲ್ಲ, ಎಳೆತ.

ಎಳೆತ ಎಷ್ಟು ಹೆಚ್ಚುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. 1.5 ಲೀಟರಿನ ಬೊಲೆರೊ ಎಂಜಿನ್ನಿನ ಬಲ 75 ಎಚ್‌ಪಿ, ಟಾರ್ಕ್ 210 ನ್ಯೂಟನ್ ಮೀಟರ್. 2000 ಆರ್‌ಪಿಎಂನಲ್ಲಿ ಆ ಟಾರ್ಕ್ ಸುಮಾರು 60 ಎಚ್‌ಪಿಗೆ ಸಮ. ರೀಮ್ಯಾಪ್ ಮಾಡಿ ಟಾರ್ಕ್ 250ಕ್ಕೆ ಏರಿಸಿದರೆ ಅದೇ ಆರ್‌ಪಿಎಂನಲ್ಲಿ 71 ಎಚ್‌ಪಿ ಸಿಗುತ್ತದೆ. ತೀರ್ಥರಾಮೇಶ್ವರ ಬೆಟ್ಟದ ಏರಿನಲ್ಲಿ ಗೇರ್ ಇಳಿಸದೆ ಸಾಗುವಷ್ಟು ವ್ಯತ್ಯಾಸ ಇದು. ಚಾಲಕನ ಕಾಲಿಗೆ ಕೂಡಲೇ ಗೊತ್ತಾಗುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಕಾರಿನಲ್ಲಿ ಇಂಥ ಗಳಿಕೆ ಇಲ್ಲ. ಅಲ್ಲಿ ಗಾಳಿಯನ್ನು ಹೆಚ್ಚಿಗೆ ತುಂಬುವ ದಾರಿಯೇ ಇಲ್ಲದ್ದರಿಂದ ಹತ್ತರಲ್ಲಿ ಒಂದು ಪಾಲು ಏರುವುದೂ ಕಷ್ಟ. ಅಂಥ ಕಾರಿಗೆ ರೀಮ್ಯಾಪ್ ಮಾಡಿಸುವುದು ದುಡ್ಡು ದಂಡ.

ಇಷ್ಟು ಸುಲಭವಾಗಿ ಬಲ ಸಿಗುವುದಾದರೆ ಕಂಪನಿಯೇ ಏಕೆ ಕೊಡಲಿಲ್ಲ? ಇದಕ್ಕೆ ಉತ್ತರ ಕಂಪನಿಗಳ ಗಾಡಿಗಳಲ್ಲೇ ಇದೆ. ಮಾರುತಿ ಕಾರುಗಳಲ್ಲಿ ಬರುತ್ತಿದ್ದ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲಿ 75 ಎಚ್‌ಪಿ, ಸಿಯಾಜ್, ಎರ್ಟಿಗಾಗಳಲ್ಲಿ 90 ಎಚ್‌ಪಿ. ಆ 15 ಎಚ್‌ಪಿಗಾಗಿ ಕಂಪನಿ ಬರೀ ಫೈಲ್ ಬದಲಿಸಿ ಸುಮ್ಮನಾಗಲಿಲ್ಲ. ಬೇರೆ ಟರ್ಬೊ ಕೂರಿಸಿತು, ಗಾಳಿ ತಣಿಸಲು ಇಂಟರ್‌ಕೂಲರ್ ಇಟ್ಟಿತು. ಇನ್ನೊಂದು ಉದಾಹರಣೆ ಇನೋವಾ ಕ್ರಿಸ್ಟಾ. ಅದರ 2.4 ಲೀಟರ್ ಎಂಜಿನ್ ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಂದಿಗೆ 360 ನ್ಯೂಟನ್ ಮೀಟರ್ ಕೊಡುತ್ತಿತ್ತು, ಮ್ಯಾನುಯಲ್ ಗೇರ್‌ಬಾಕ್ಸಿನೊಂದಿಗೆ 343. ಎಂಜಿನ್ ಒಂದೇ ಆದರೂ ಹಿಂದಿರುವ ಗೇರ್‌ಬಾಕ್ಸ್ ನೋಡಿ ಟಾರ್ಕ್ ಗೊತ್ತುಮಾಡಲಾಗಿತ್ತು. ಕಂಪನಿ ಉಳಿಸಿಟ್ಟ ಬಲ ವ್ಯರ್ಥ ಬಿದ್ದ ಬಲವಲ್ಲ. ಕಲಬೆರಕೆ ಡೀಸೆಲ್, ಧೂಳು ಕಟ್ಟಿದ ಏರ್ ಫಿಲ್ಟರ್, ತಡವಾದ ಸರ್ವಿಸ್, ಜಗಳೂರಿನ ಏಪ್ರಿಲ್ ಬಿಸಿಲು ಇವೆಲ್ಲಕ್ಕೂ ಎತ್ತಿಟ್ಟ ಮೀಸಲು ಅದು.

ಸುರಕ್ಷತೆಯ ಪ್ರಶ್ನೆಯಲ್ಲಿ ಬಲ ಎಷ್ಟು ಏರಿತು ಎನ್ನುವುದಕ್ಕಿಂತ ಅದನ್ನು ಎಷ್ಟು ಹೊತ್ತು ಬಳಸುತ್ತಾರೆ ಎನ್ನುವುದು ಮುಖ್ಯ. ಕಾರಿನವರು ಓವರ್‌ಟೇಕ್ ಮಾಡಲು ಹತ್ತು ಸೆಕೆಂಡ್ ಪೂರ್ತಿ ಒತ್ತಿ ಕಾಲು ತೆಗೆಯುತ್ತಾರೆ. ಎಂಜಿನ್ ಮತ್ತೆ ತಣಿಯುತ್ತದೆ. ಮಿತಿಮೀರಿ ಲೋಡ್ ಹೇರಿದ ಪಿಕಪ್ ಅದೇ ಬಲವನ್ನು ಏರಿನುದ್ದಕ್ಕೂ ಬಿಡದೆ ಸುರಿಯಬೇಕು. ಡೀಸೆಲ್ ಹೆಚ್ಚಿ ಗಾಳಿ ಸಾಲದಾದಾಗ ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ, ಒಳಗಿನ ಉರಿ ಏರುತ್ತಾ ಹೋಗುತ್ತದೆ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಪಿಸ್ಟನ್ನಿನ ಮಿಶ್ರಲೋಹ ಅದಕ್ಕೂ ಬಹಳ ಮೊದಲೇ ಬಿಗಿ ಕಳೆದುಕೊಳ್ಳುತ್ತದೆ. ಹೀಗೆ ಕೆಟ್ಟ ಎಂಜಿನ್ ಬಿಚ್ಚಿದರೆ ಪಿಸ್ಟನ್ನಿನ ತಲೆ ನೀರು ತಾಗಿದ ಬೆಲ್ಲದಚ್ಚಿನಂತೆ ಅಂಚು ಕರಗಿ ಕೂತಿರುತ್ತದೆ. ಅದಕ್ಕೂ ಮೊದಲು ಹೋಗುವುದು ಕ್ಲಚ್ ಪ್ಲೇಟ್. ಬಲ ಏರಿದರೂ ಬ್ರೇಕ್ ಮಾತ್ರ ಹಳೆಯದೇ.

ಅಗ್ಗದ ಚಿಪ್ ಬಾಕ್ಸ್‌ಗಳು ಇನ್ನೂ ಅಪಾಯಕಾರಿ. ಇವು ಫೈಲ್ ಮುಟ್ಟುವುದಿಲ್ಲ. ಸೆನ್ಸರ್ ಮತ್ತು ಇಸಿಎಂ ನಡುವೆ ಕೂತು ಸುಳ್ಳು ವರದಿ ಕೊಡುತ್ತವೆ. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ರೈಲಿನ ಒತ್ತಡ ಕಡಿಮೆ ಇದೆ ಎಂದು ನಂಬಿದ ಇಸಿಎಂ ಒತ್ತಡ ಏರಿಸುತ್ತದೆ, ಪಂಪ್ ಮತ್ತು ಇಂಜೆಕ್ಟರ್ ಸವೆಯುತ್ತವೆ. ಎಲ್ಲ ಹೊರಪೆಟ್ಟಿಗೆಗಳೂ ಇಂಥವಲ್ಲ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಬೈಕುಗಳಿಗೆ ತಯಾರಿಸುವ ಪವರ್‌ಟ್ರಾನಿಕ್‌ನಲ್ಲಿ ಇಂಧನ, ಇಗ್ನಿಷನ್ ಎರಡನ್ನೂ ಕೋಷ್ಟಕ ನೋಡಿ ಹೊಂದಿಸಬಹುದು.

ಟ್ರಾಕ್ಟರಿನ ಕಥೆ ಬೇರೆ. 50 ಎಚ್‌ಪಿಗಿಂತ ಕೆಳಗಿನ ಹೆಚ್ಚಿನ ಟ್ರಾಕ್ಟರುಗಳಲ್ಲಿ ಇಂದಿಗೂ ಮೆಕ್ಯಾನಿಕಲ್ ಪಂಪ್ ಇದೆ. ತಿದ್ದಲು ಸಾಫ್ಟ್‌ವೇರೇ ಇಲ್ಲ. ಅಲ್ಲಿ ನಡೆಯುವುದು ಪಂಪಿನ ಸೀಲ್ ಕಿತ್ತು ಸ್ಕ್ರೂ ತಿರುಗಿಸುವ ಹಳೆಯ ಪದ್ಧತಿ. 2023ರ ಜನವರಿಯಿಂದ 50 ಎಚ್‌ಪಿ ಮೇಲಿನವುಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದ ಮೇಲೆ ಕಾಮನ್ ರೈಲ್ ಎಂಜಿನ್ ಬಂತು. ಕೆಲವು ಮಾದರಿಗಳಲ್ಲಿ ಡೀಸೆಲ್ ಉಳಿಸುವ ಮೋಡ್, ಸಾಮಾನ್ಯ ಮೋಡ್, ಪವರ್ ಮೋಡ್ ಎಂದು ಕಂಪನಿಯೇ ಸ್ವಿಚ್ ಕೊಟ್ಟಿದೆ. ಇದು ವಾರಂಟಿ ಸಮೇತ ಸಿಗುವ ಟ್ಯೂನಿಂಗ್. ರೋಟಾವೇಟರ್ ಹೊಡೆಯುವವರಿಗೆ ಅಷ್ಟು ಸಾಕು.

ಹೊಗೆಯ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ರೀಮ್ಯಾಪ್ ಜೊತೆಗೆ ಡಿಪಿಎಫನ್ನೂ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರನ್ನೂ ಬಂದ್ ಮಾಡಿಸುವ ರೂಢಿ ಹಬ್ಬುತ್ತಿದೆ. ಹಾಗೆ ಬಿಟ್ಟ ಮಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಶಾಲೆ ಮಕ್ಕಳ ಎದೆಗೆ ಇಳಿಯುತ್ತದೆ. ಎಷ್ಟೇ ಎಳೆತ ಸಿಕ್ಕರೂ ಇದನ್ನು ಸಮರ್ಥಿಸಲಾಗದು. ಕಾನೂನೂ ಇದರ ಪರ ಇಲ್ಲ. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ಸೇರಿದ 182ಎ ಕಲಂ ಪ್ರಕಾರ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ.

ಯಂತ್ರದ ಮಟ್ಟಿಗೆ ಹೇಳುವುದಾದರೆ, ಹಗುರವಾಗಿ ಓಡುವ ಟರ್ಬೊ ಡೀಸೆಲ್ ಕಾರು ಮಿತವಾದ ರೀಮ್ಯಾಪನ್ನು ತಾಳಿಕೊಳ್ಳಬಹುದು. ಬಲ ಅಳೆಯುವ ಡೈನೊ ಯಂತ್ರದ ಮೇಲೆ ನೋಡಿ ಮಾಡಿರಬೇಕು, ಮೂಲ ಫೈಲ್ ಮಾಲೀಕನ ಕೈಯಲ್ಲಿರಬೇಕು. ಲೋಡ್ ಗಾಡಿಗೆ ಅದು ಒಗ್ಗುವುದಿಲ್ಲ. ಏರಿನಲ್ಲಿ ಎಳೆತ ಸಾಲದು ಎನಿಸಿದರೆ ಮೊದಲು ಏರ್ ಫಿಲ್ಟರ್ ತೆಗೆದು ನೋಡಬೇಕು, ಇಂಟರ್‌ಕೂಲರ್ ಹೋಸ್ ಬಿರುಕು ಬಿಟ್ಟಿದೆಯೇ ಎಂದು ಕೈಯಾಡಿಸಬೇಕು, ಇಜಿಆರ್‌ನಲ್ಲಿ ಕಟ್ಟಿದ ಮಸಿ ತೆಗೆಸಬೇಕು, ಇಂಜೆಕ್ಟರ್ ಪರೀಕ್ಷೆ ಮಾಡಿಸಬೇಕು. ಎಷ್ಟೋ ಹಳೆಯ ಪಿಕಪ್‌ಗಳಲ್ಲಿ ಕಳೆದುಹೋದ ಬಲ ಸಿಕ್ಕಿಕೊಂಡಿರುವುದು ಈ ನಾಲ್ಕು ಜಾಗದಲ್ಲೇ.