ಪೊಲೀಸರಿಗೆ ಬೇಡವಾದ ಗೋಣಿಚೀಲ

ಆ ಹಾಡು ನನ್ನ ಕಿವಿಗೆ ಮೊದಲು ಬಿದ್ದದ್ದು ಟಿವಿಯ ಯಾವುದೋ ಜಾಹೀರಾತಿನಲ್ಲಿ. ಏನನ್ನು ಮಾರುತ್ತಿದ್ದರೋ ಮರೆತುಹೋಗಿದೆ, ಧಾಟಿ ಮಾತ್ರ ಮರೆಯಲಿಲ್ಲ. ಲವಲವಿಕೆಯ, ಬಚ್ಚಲಮನೆಯಲ್ಲಿ ಗುನುಗಿಕೊಳ್ಳುವಂಥ ಹಾಡು. ಐವತ್ತು ದಾಟಿದ ಮೇಲೆ ವೆರ್ಡಿಯ 'ರಿಗೊಲೆಟ್ಟೊ' ಒಪೆರಾವನ್ನು ಮೊದಲಿಂದ ಕೊನೆವರೆಗೆ ಕೂತು ನೋಡಿದೆ. ಮೂರನೇ ಅಂಕದ ಕತ್ತಲಲ್ಲಿ ಅದೇ ಧಾಟಿ ದೂರದಿಂದ ಕೇಳಿಬಂದಾಗ ಮೈ ತಣ್ಣಗಾಯಿತು.

ಅದಕ್ಕೂ ಮುಂಚೆ, ನನ್ನಂತೆ ತಡವಾಗಿ ಕಲಿಯಲು ಬಂದವರಿಗೆಂದೇ ನಡೆಸುವ ಒಂದು ಆನ್‌ಲೈನ್ ತರಗತಿಗೆ ದುಡ್ಡು ಕಟ್ಟಿದ್ದೆ. ಮೂರು ವಾರ ಬರೀ ಯುಗಗಳು: ಬರೋಕ್, ಕ್ಲಾಸಿಕಲ್, ರೊಮ್ಯಾಂಟಿಕ್, ಯಾರು ಯಾವಾಗ ಹುಟ್ಟಿದರು, ಯಾವಾಗ ಸತ್ತರು. ಹೈಸ್ಕೂಲಿನಲ್ಲಿ ಗುಪ್ತರ ಕಾಲವನ್ನು ಉರು ಹೊಡೆದ ಹಾಗೆ ಎಲ್ಲವನ್ನೂ ಬರೆದುಕೊಂಡೆ. ಕಿವಿಗೆ ಒಂದೂ ಇಳಿಯಲಿಲ್ಲ. ಇತಿಹಾಸವನ್ನು ಬಾಗಿಲಲ್ಲಿ ಟಿಕೆಟ್ ಹರಿಯುವವನ ಹಾಗೆ ನಿಲ್ಲಿಸಿದರೆ ಆಗುವುದು ಇಷ್ಟೇ. 'ರಿಗೊಲೆಟ್ಟೊ'ದ ಇತಿಹಾಸವಂತೂ ಒಂದು ಗೋಣಿಚೀಲದೊಳಗೇ ಇದೆ.

ಕಥೆಯ ಮೂಲ ವಿಕ್ಟರ್ ಹ್ಯೂಗೊನ ನಾಟಕ. ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್‌ನನ್ನು ಹೆಣ್ಣುಬಾಕನಾಗಿ ತೋರಿಸಿದ ಆ ನಾಟಕ 1832ರಲ್ಲಿ ಪ್ಯಾರಿಸ್ಸಿನಲ್ಲಿ ಒಂದೇ ಒಂದು ಪ್ರದರ್ಶನ ಕಂಡು ನಿಷೇಧಕ್ಕೆ ಒಳಗಾಯಿತು. ಎರಡನೆಯದಕ್ಕೆ ಐವತ್ತು ವರ್ಷ ಕಾಯಬೇಕಾಯಿತು. ಇಂಥ ವಸ್ತುವನ್ನು ವೆರ್ಡಿ ವೆನಿಸ್ಸಿನ ಲಾ ಫೆನೀಚೆ ರಂಗಮಂದಿರಕ್ಕೆಂದು 1850ರಲ್ಲಿ ಕೈಗೆತ್ತಿಕೊಂಡ. ಊರು ಆಸ್ಟ್ರಿಯಾದವರ ಕೈಯಲ್ಲಿತ್ತು. 1848ರ ದಂಗೆಯನ್ನು ಅವರು ಅಡಗಿಸಿ ಹೆಚ್ಚು ಕಾಲವಾಗಿರಲಿಲ್ಲ. ಸೆನ್ಸಾರಿನವರು ಸಾರಾಸಗಟಾಗಿ ಬೇಡವೆಂದರು. ಆಮೇಲೆ ತಿದ್ದಿದ ಪಠ್ಯವೊಂದು ತಯಾರಾಯಿತು. ಅದರಲ್ಲಿ ದೊರೆಯಿಲ್ಲ, ವಿದೂಷಕನ ಬೆನ್ನಿಗೆ ಗೂನಿಲ್ಲ, ಹೆಣ ತುಂಬುವ ಚೀಲವೂ ಇಲ್ಲ. ವೆರ್ಡಿ ರೇಗಿದ. ಚೀಲದಿಂದ ಪೊಲೀಸರಿಗೇನು ಕಷ್ಟ ಎಂದು ರಂಗಮಂದಿರದವರಿಗೆ ಕಾಗದ ಬರೆದು ಕೇಳಿದ. ಕೊನೆಗೆ ರಾಜಿಯಾಯಿತು: ದೊರೆ ಹೋಗಿ ಮಾಂಟುವಾದ ಡ್ಯೂಕ್ ಬಂದ, ಗೂನು ಮತ್ತು ಚೀಲ ಉಳಿದವು. 1851ರ ಮಾರ್ಚ್ 11ರಂದು ಪರದೆ ಎದ್ದಿತು.

ಈ ವ್ಯಾಪಾರದಲ್ಲಿ ಲಾಭ ವೆರ್ಡಿಗೇ ಅಂತ ನನ್ನ ಲೆಕ್ಕ. ಚೀಲವಿಲ್ಲದೆ ಕೊನೆಯ ದೃಶ್ಯ ನಿಲ್ಲುವುದೇ ಇಲ್ಲ. ಮಗಳು ಜಿಲ್ಡಾಳನ್ನು ಕೆಡಿಸಿದ ಡ್ಯೂಕನನ್ನು ಮುಗಿಸಲು ವಿದೂಷಕ ರಿಗೊಲೆಟ್ಟೊ ಸುಪಾರಿ ಕೊಟ್ಟಿದ್ದಾನೆ. ನಡುರಾತ್ರಿ, ನದಿಯ ದಡ, ಕಾಲಬುಡದಲ್ಲಿ ಚೀಲ, ಗೆದ್ದೆನೆಂಬ ಹಮ್ಮು. ಇನ್ನೇನು ನೀರಿಗೆ ಎಳೆಯಬೇಕು, ಅಷ್ಟರಲ್ಲಿ ದೂರದಿಂದ ಅದೇ ಹಾಡು. ಹೆಣವಾಗಿರಬೇಕಾದವನು ಹಾಡುತ್ತಿದ್ದಾನೆ! ಹಾಗಾದರೆ ಚೀಲದಲ್ಲಿರುವುದು ಯಾರು? ಸುದ್ದಿ ಹೇಳಲು ಯಾರೂ ಓಡಿ ಬರುವುದಿಲ್ಲ, ಧಾಟಿಯೇ ಹೇಳಿಬಿಡುತ್ತದೆ. ಅದು ಅಷ್ಟು ಅಗ್ಗದ, ಒಮ್ಮೆ ಕೇಳಿದರೆ ಅಂಟಿಕೊಳ್ಳುವ ಧಾಟಿ ಯಾಕೆ ಎನ್ನುವುದು ನನಗೆ ಆಗ ಹೊಳೆಯಿತು; ಗುರುತು ಹಿಡಿಯುವುದು ಒಂದು ಕ್ಷಣ ತಡವಾದರೂ ದೃಶ್ಯ ಕೆಟ್ಟಿತು. ಇನ್ನೊಂದು ಮಾತು: ಹಾಡಿನ ತಿರುಳು ಹೆಣ್ಣು ಚಂಚಲೆ ಎನ್ನುವುದು. ಅದು ಹಾದುಹೋಗುವುದು ಡ್ಯೂಕನಿಗಾಗಿ ಪ್ರಾಣ ಕೊಟ್ಟು ಚೀಲದಲ್ಲಿರುವ ಜಿಲ್ಡಾಳ ಮೇಲೆ.

ಇಷ್ಟು ಸುಲಭವಾಗಿ ದಕ್ಕದೆ ಹೋದದ್ದು ಅದೇ ಅಂಕದ ನಾಲ್ವರ ಹಾಡು. ಮೊದಲ ಸಲ ಸಂತೆಯ ಗದ್ದಲದಂತಿತ್ತು. ನಮ್ಮ ಕಛೇರಿಯಲ್ಲಿ ಪಿಟೀಲು ಗಾಯಕರ ಬೆನ್ನು ಹಿಡಿದು ಹೋಗುತ್ತದೆ. ಇಲ್ಲಿ ನಾಲ್ವರಿಗೆ ನಾಲ್ಕು ದಾರಿ. ಉಪಶೀರ್ಷಿಕೆಯೂ ಸೋತು ಒಬ್ಬರ ಮಾತನ್ನಷ್ಟೇ ತೋರಿಸಿ ಸುಮ್ಮನಾಯಿತು. ಪರದೆಗೆ ಬೆನ್ನು ಹಾಕಿ ಕೂತು ನಾಲ್ಕು ಸಲ ಕೇಳಿದೆ, ಒಂದೊಂದು ಸಲ ಒಬ್ಬರನ್ನೇ ಹಿಂಬಾಲಿಸಿ. ಡ್ಯೂಕನದು ಉದ್ದನೆಯ, ಜೇನು ಸುರಿಯುವ ಓಲೈಕೆ. ಹೋಟೆಲಿನ ಮದ್ದಲೇನಾ ಕಿಲಕಿಲ ನಗುತ್ತಾ ತುಂಡು ತುಂಡು ಸ್ವರಗಳಲ್ಲಿ ಅವನನ್ನು ಆಡಿಸುತ್ತಾಳೆ. ಗೋಡೆಯಾಚೆ ನಿಂತ ಜಿಲ್ಡಾಳಿಗೆ ಬಿಕ್ಕಿನ ನಡುವೆ ಉಸಿರು ಸಿಕ್ಕಷ್ಟೇ ಹಾಡು. ಎಲ್ಲರಿಗಿಂತ ಕೆಳಗೆ ಅಪ್ಪನ ಗೊಣಗು, ಸೇಡಿನದು. ಐದನೇ ಸಲ ನಾಲ್ವರೂ ಒಟ್ಟಿಗೆ ಕೇಳಿಸಿದರು. ಮಾತಿನ ನಾಟಕಕ್ಕೆ ಇದು ಸಾಧ್ಯವೇ ಇಲ್ಲ. ಅಲ್ಲಿ ಒಬ್ಬರ ಸರದಿ ಮುಗಿಯುವವರೆಗೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಕಾಯಬೇಕು.

ಹಾಗಂತ ಎಲ್ಲವನ್ನೂ ಒಪ್ಪಲಾರೆ. ಎರಡನೇ ಅಂಕದ ಶುರುವಿನಲ್ಲಿ ಡ್ಯೂಕ್ ಜಿಲ್ಡಾಳಿಗಾಗಿ ನಿಜವಾದ ಪ್ರೇಮಿಯಂತೆ ಮರುಗುತ್ತಾನೆ. ಸಂಗೀತ ಸೊಗಸಾಗಿದೆ, ಆದರೆ ಅದು ಈ ಲಫಂಗನ ಬಾಯಿಗೆ ಒಗ್ಗುವುದಿಲ್ಲ. ಡ್ಯೂಕನ ಪಾತ್ರ ಹಾಡುವ ಟೆನರನಿಗೆ ಒಂದು ಒಳ್ಳೆಯ ಹಾಡು ಬೇಕಿತ್ತು, ಕೊಟ್ಟರು ಅನ್ನಿಸುತ್ತದೆ. ಜಿಲ್ಡಾ ಅವನಿಗಾಗಿ ಸಾಯಲು ತೀರ್ಮಾನಿಸುವುದೂ ಬಿರುಗಾಳಿಯ ಕೆಲವೇ ನಿಮಿಷಗಳಲ್ಲಿ. ಮರೆಯಲ್ಲಿ ಗಂಡಸರ ಮೇಳ ಬಾಯಿ ಮುಚ್ಚಿ ಗಾಳಿಯ ಹಾಗೆ ಗುಂಯ್‌ಗುಡುವಾಗ ಯಾರೂ ಪ್ರಶ್ನೆ ಕೇಳುವುದಿಲ್ಲ. ಮನೆಗೆ ಬಂದು ದೀಪ ಹಾಕಿದ ಮೇಲೆ ಕೇಳುತ್ತೇವೆ.

ಅದಿರಲಿ, ಮಾಂಟುವಾ ಯಾಕೆ? ಅಲ್ಲಿನ ಗೊನ್ಜಾಗಾ ವಂಶದ ಡ್ಯೂಕರ ಸಾಲು 1708ಕ್ಕೇ ಮುಗಿದಿತ್ತು; ಮಾನ ಹೋಯಿತೆಂದು ದೂರಲು ಡ್ಯೂಕ್ ಯಾರೂ ಉಳಿದಿರಲಿಲ್ಲ. ಆದರೆ ಅದೇ ವಂಶದ ಅರಮನೆಯಲ್ಲಿ 1607ರಲ್ಲಿ ಮಾಂಟೆವೆರ್ಡಿಯ 'ಆರ್ಫೆಯೊ' ಮೊದಲು ನಡೆದದ್ದು. ಇಂದಿಗೂ ರಂಗಕ್ಕೆ ಮತ್ತೆ ಮತ್ತೆ ಬರುವ ಒಪೆರಾಗಳಲ್ಲಿ ಅದೇ ಅತಿ ಹಳೆಯದು. ಟಿಕೆಟ್ ಕೊಂಡ ಯಾರಿಗಾದರೂ ಬಾಗಿಲು ತೆರೆದ ಮೊದಲ ಒಪೆರಾ ಮಂದಿರ ಬಂದದ್ದು 1637ರಲ್ಲಿ, ವೆನಿಸ್ಸಿನಲ್ಲಿ. ಮಾಂಟುವಾದ ಡ್ಯೂಕ್ ಮನೆಯಲ್ಲಿ ಸಾಕಿ ಬೆಳೆಸಿದ ಕಲೆ 244 ವರ್ಷದ ಮೇಲೆ ವೆನಿಸ್ಸಿನ ಟಿಕೆಟ್ ಮಂದಿಯೆದುರು ಮಾಂಟುವಾದ ಡ್ಯೂಕನನ್ನೇ ಲಂಪಟನನ್ನಾಗಿ ನಿಲ್ಲಿಸಿತು. ನಮ್ಮ ತರಗತಿಯಲ್ಲಿ ಈ ಎರಡು ಒಪೆರಾ ಬೇರೆ ಬೇರೆ ವಾರಗಳಲ್ಲಿದ್ದವು, ನಡುವೆ ಒಂದು ಇಡೀ ಯುಗ.

ಈಗ 'ಆರ್ಫೆಯೊ' ಹಿಡಿದಿದ್ದೇನೆ. ಪರದೆ ಏಳುವ ಮುನ್ನ ಮೂರು ಸಲ ನುಡಿಸಬೇಕೆಂದು ಮಾಂಟೆವೆರ್ಡಿ ಬರೆದಿಟ್ಟ ತುತ್ತೂರಿಯ ಮೊಳಗಿನಿಂದ ಅದು ಶುರುವಾಗುತ್ತದೆ. ಡ್ಯೂಕ್ ಬಂದು ಕೂರಲಿ ಅಂತಲೇ ಇರಬೇಕು. ಮೂರನೇ ಸಲಕ್ಕೆ ನಾನೂ ಕುರ್ಚಿ ಸರಿಮಾಡಿಕೊಳ್ಳುತ್ತೇನೆ.