ಸೀರಿಯಲ್ ಮನೆಯಲ್ಲಿ ಲೆಕ್ಕ ಬರೆಯೋರಿಲ್ಲ

2023ರ ಮಾರ್ಚ್‌ನಲ್ಲಿ ಒಂದು ಭಾನುವಾರ ಮನೆಖರ್ಚಿನ ಎಕ್ಸೆಲ್ ಶೀಟ್ ತೆಗೆದುಕೊಂಡು ಕೂತಿದ್ದೆ. ಮಗು ಹುಟ್ಟಿದ ಮೇಲೆ ಹೆಂಡತಿ ಕೆಲಸ ಬಿಟ್ಟಿದ್ದಳು. ಅದರ ಹಿಂದಿನ ಮೇ ತಿಂಗಳಿಂದ ರಿಸರ್ವ್ ಬ್ಯಾಂಕಿನವರು ರೆಪೊ ದರವನ್ನು 4ರಿಂದ ಏರಿಸ್ತಾ ಏರಿಸ್ತಾ 6.5ಕ್ಕೆ ತಂದು ನಿಲ್ಲಿಸಿದ್ದರು. ಮನೆಸಾಲ ಇರೋರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಾದರೂ ಕತ್ತರಿ ಹಾಕಲೇಬೇಕಿತ್ತು. ಹಾಲು, ಪೆಟ್ರೋಲು, ಡೈಪರು ಯಾವುದೂ ಕತ್ತರಿಗೆ ಸಿಗಲಿಲ್ಲ. ಹದಿನೇಳನೇ ಸಾಲಿನಲ್ಲಿ 'ಕೇಬಲ್ – 430' ಅಂತ ಇತ್ತು. ವರ್ಷಕ್ಕೆ 5,160 ರೂಪಾಯಿ. ಸಿಕ್ತಲ್ಲ ಅಂದುಕೊಂಡೆ.

ದುಡ್ಡಿನ ಕಾರಣ ನಿಜವೇ. ಆದರೆ ಅದೊಂದೇ ಆಗಿದ್ದರೆ ಅಷ್ಟು ಖುಷಿಯಿಂದ ಕೇಬಲ್ ಹುಡುಗನಿಗೆ ಫೋನ್ ಮಾಡ್ತಿರಲಿಲ್ಲ. ಕನ್ನಡ ಸೀರಿಯಲ್‌ಗಳ ಬಗ್ಗೆ ನನ್ನ ಹತ್ತಿರ ಒಂದು ವಿಮರ್ಶೆ ಬಹಳ ದಿನದಿಂದ ರೆಡಿ ಇತ್ತು. ಆಫೀಸಿನ ಕ್ಯಾಂಟೀನ್‌ನಲ್ಲಿ ಅದನ್ನು ಎಷ್ಟೋ ಸಲ ಮಂಡಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಒಮ್ಮೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅಮ್ಮನ ಪಕ್ಕ ಕೂತಿದ್ದೂ ಉಂಟು. ಸೊಸೆಯ ಕೆನ್ನೆಗೆ ಅತ್ತೆ ಹೊಡೀತಾಳೆ. ಮನೆಯ ಏಳು ಜನರ ಮುಖ ಒಂದೊಂದಾಗಿ ಬರುತ್ತೆ, ಪ್ರತಿ ಮುಖಕ್ಕೂ ಒಂದು ಗುಡುಗು. ಆಮೇಲೆ ಅದೇ ಏಟು ನಿಧಾನಗತಿಯಲ್ಲಿ, ಆಮೇಲೆ ಕಪ್ಪುಬಿಳುಪಿನಲ್ಲಿ. ಅಷ್ಟರಲ್ಲಿ ಜಾಹೀರಾತು. ಇನ್ನೊಂದು ಸೀರಿಯಲ್‌ನಲ್ಲಿ ಒಬ್ಬ ಹುಡುಗಿ ಸೋಮವಾರ ಸತ್ಯ ಹೇಳೋಕೆ ಬಾಯಿ ತೆರೆದವಳು ಶುಕ್ರವಾರದವರೆಗೂ ತೆರೆದೇ ಇದ್ದಳು. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಇರಬಾರದು ಅಂತ ಟ್ರಾಯ್ 2013ರಲ್ಲೇ ನಿಯಮ ಮಾಡಿದೆ. ಆದರೆ ಕಥೆ ಇಷ್ಟು ನಿಮಿಷವಾದರೂ ಮುಂದಕ್ಕೆ ಹೋಗಬೇಕು ಅನ್ನೋ ನಿಯಮ ಯಾರೂ ಮಾಡಿಲ್ಲ. ಇದಕ್ಕೆ ನಾನು ತಿಂಗಳಿಗೆ 430 ಕೊಡಬೇಕಾ?

ಕೇಬಲ್ ಹೋಯ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾಳೆ. "ಅಮ್ಮ, ಟಿವಿ ಸ್ವಲ್ಪ ದಿನ ಬೇಡ" ಅಂದೆ. "ಹೋಗ್ಲಿ ಬಿಡಪ್ಪ" ಅಂದಳು. ಅಷ್ಟೇ. ಜಗಳ ಆಡಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ಸುತ್ತೆ.

ಮುಂದಿನ ಎರಡು ವಾರದಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಅಮ್ಮ ದಿನಾ ಬೆಳಿಗ್ಗೆ ಹತ್ತರ ಹೊತ್ತಿಗೆ ಎರಡು ಶರ್ಟು, ಒಂದು ಸೀರೆ ಹಿಡಿದು ಕೆಳಗೆ ಇಸ್ತ್ರಿ ಅಂಗಡಿಗೆ ಹೋಗೋಕೆ ಶುರು ಮಾಡಿದ್ದಳು. ನಾನು ವರ್ಕ್ ಫ್ರಂ ಹೋಮ್. ಟೀ ಶರ್ಟ್‌ಗೆ ಯಾರು ಇಸ್ತ್ರಿ ಮಾಡಿಸ್ತಾರೆ? ಹೆಂಡತಿ ಹೇಳಿದಳು, "ರೀ, ಅತ್ತೆ ಬಟ್ಟೆ ಕೊಡೋಕೆ ಹೋಗ್ತಿಲ್ಲ. ಇಸ್ತ್ರಿಯವಳ ಹತ್ರ ಹಿಂದಿನ ದಿನದ ಕಥೆ ಕೇಳೋಕೆ ಹೋಗ್ತಾರೆ."

ಕೇಳಿಕೊಂಡು ಬಂದ ಕಥೆಯನ್ನು ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸ್ತಾ ನನ್ನ ಹೆಂಡತಿಗೆ ಹೇಳ್ತಿದ್ದಳು. ಹಾಲ್‌ನಲ್ಲಿ ಕೂತ ನನಗೂ ಕೇಳಿಸ್ತಿತ್ತು. ಅರ್ಧ ಗಂಟೆಯ ಸೀರಿಯಲ್ ಅವಳ ಬಾಯಲ್ಲಿ ಎರಡು ನಿಮಿಷ. ಗುಡುಗು ಇಲ್ಲ, ಏಳು ಮುಖ ಇಲ್ಲ. ವಿಲನ್‌ಗಳ ಸಂಚನ್ನಂತೂ "ಅದೇ ಇದ್ದಿದ್ದೇ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡೋಳು. ಒಂದು ದಿನ ಯಾವುದೋ ಸಿರಿವಂತರ ಮನೆ ಸೀರಿಯಲ್ ಕಥೆ ಹೇಳ್ತಾ ಮಧ್ಯೆ ನಿಲ್ಲಿಸಿ, "ಅಲ್ವೇ, ಅಷ್ಟು ದೊಡ್ಡ ಮನೆ, ಅಷ್ಟೊಂದು ಮೆಟ್ಲು. ಕಸ ಗುಡಿಸೋರು ಯಾರೇ ಅಲ್ಲಿ?" ಅಂದಳು.

ಸ್ಟಾಪ್‌ವಾಚ್ ಹಿಡಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ನಿಧಾನ ಅನ್ನೋದು ನನ್ನ ದೊಡ್ಡ ದೂರಾಗಿತ್ತು. ಆದರೆ ನಿಧಾನ ನಮ್ಮೋರಿಗೆ ಹೊಸದಾ? ನಾನು ಹುಟ್ಟಿದ್ದು ತಿಪಟೂರು ಕಡೆ. ಅಲ್ಲಿ ಮೂಡಲಪಾಯ ಆಟ ರಾತ್ರಿಯೆಲ್ಲ ನಡೆಯುತ್ತೆ. ರಾಜ ರಂಗದ ಮೇಲೆ ಬಂದು, ಕುಣಿದು, ತನ್ನ ಹೆಸರು ಹೇಳೋ ಹೊತ್ತಿಗೆ ಚಿಕ್ಕವರು ಚಾಪೆ ಮೇಲೆ ನಿದ್ದೆ ಹೋಗಿರ್ತಿದ್ದೆವು. ಕಥೆ ಎಲ್ಲರಿಗೂ ಗೊತ್ತು. ಶ್ರಾವಣದಲ್ಲಿ ಜೈಮಿನಿ ಭಾರತ ಓದಿಸೋ ಮನೆಗಳಲ್ಲೂ ಹಾಗೇ, ಮುಂದೇನಾಗುತ್ತೆ ಅಂತ ತಿಳಿಯೋಕೆ ಯಾರೂ ಹೋಗ್ತಿರಲಿಲ್ಲ. ಗೊತ್ತಿರೋ ಜನರ ಜೊತೆ ಸ್ವಲ್ಪ ಹೊತ್ತು ಕೂರೋಕೆ ಹೋಗ್ತಿದ್ದರು. ಅಮ್ಮ ಸೀರಿಯಲ್ ನೋಡೋದೂ ಹೀಗೇ. ಒಮ್ಮೆ ನಾನು, "ಆ್ಯಪ್‌ನಲ್ಲಿ ಹಾಕಿ ಕೊಡ್ತೀನಿ, ಬೇಜಾರಾದಾಗ ಮುಂದಕ್ಕೆ ಓಡಿಸಬಹುದು" ಅಂದಿದ್ದೆ. "ಓಡಿಸಿ ಎಲ್ಲಿಗೆ ಹೋಗ್ಬೇಕಪ್ಪ?" ಅಂದಳು.

ಹಾಗಾಗಿ ನಿಧಾನದ ತಕರಾರನ್ನು ವಾಪಸ್ ತಗೊಂಡಿದ್ದೇನೆ. ಈಗ ನನ್ನ ತಕರಾರು ಅಮ್ಮನ ತಕರಾರೇ. ಈ ಮನೆಗಳಲ್ಲಿ ಕಸ ಗುಡಿಸೋರು ಇಲ್ಲ ಅನ್ನೋದಕ್ಕಿಂತ ದೊಡ್ಡ ವಿಷಯ, ಲೆಕ್ಕ ಬರೆಯೋರು ಇಲ್ಲ. ಗಮನಿಸಿ ನೋಡಿ, ನಮ್ಮ ಬಹುಪಾಲು ಸೀರಿಯಲ್‌ಗಳು ನಡೆಯೋದೇ ಆಸ್ತಿಗಾಗಿ. ಆಸ್ತಿ ಪತ್ರಕ್ಕೆ ಮೋಸದಿಂದ ಸಹಿ ಹಾಕಿಸಿಕೊಳ್ತಾರೆ, ಉಯಿಲು ಬದಲಾಯಿಸ್ತಾರೆ, ಕಂಪನಿ ಕಿತ್ತುಕೊಳ್ತಾರೆ. ಆದರೆ ದುಡ್ಡು ಎಲ್ಲಿಂದ ಬಂತು, ಯಾರು ದುಡಿದರು, ತಿಂಗಳ ಕೊನೆಗೆ ಎಷ್ಟು ಉಳೀತು ಅನ್ನೋದು ಯಾರಿಗೂ ಬೇಡ. ಆ ಕಂಪನಿ ಏನು ತಯಾರಿಸುತ್ತೆ ಅಂತ ಸಾಫ್ಟ್‌ವೇರ್‌ನಲ್ಲಿ ಹದಿಮೂರು ವರ್ಷ ದುಡಿದ ನನಗೂ ಕಂಡುಹಿಡಿಯೋಕೆ ಆಗಿಲ್ಲ. 'ಪ್ರಾಜೆಕ್ಟ್', 'ಟೆಂಡರ್', 'ಡೀಲ್' ಅನ್ನೋ ಮೂರು ಪದ ಬಿಟ್ಟರೆ ಅಲ್ಲಿ ಕೆಲಸ ಅನ್ನೋದೇ ನಡೆಯಲ್ಲ. ಆ ಮನೆಯವರು ಯಾರೂ ಗ್ಯಾಸ್ ಬುಕ್ ಮಾಡಲ್ಲ, ಕರೆಂಟ್ ಬಿಲ್ ನೋಡಿ ಹುಬ್ಬೇರಿಸಲ್ಲ. ದುಡ್ಡು ಉಳಿಸೋಕೆ ಕೇಬಲ್ ತೆಗೆಸಿದ ಮನೆಯನ್ನು ನೀವು ಯಾವ ಸೀರಿಯಲ್‌ನಲ್ಲಾದರೂ ನೋಡಿದ್ದೀರಾ? ನೋಡೋರ ಮನೆಯಲ್ಲಿ ಮಾತ್ರ ಅಂಥ ಲೆಕ್ಕ ದಿನಾ ನಡೀತಿರುತ್ತೆ.

ಮೊದಲು ಹೀಗಿರಲಿಲ್ಲ ಅನ್ನೋದನ್ನು ಹಳೇದೆಲ್ಲ ಚಿನ್ನ ಅನ್ನೋ ಅರ್ಥದಲ್ಲಿ ಹೇಳ್ತಿಲ್ಲ. ನಮ್ಮೂರಿನ ಒಂದೇ ಟಿವಿ ಮುಂದೆ ಭಾನುವಾರ ಸಂಜೆಯ ಸಿನಿಮಾಗೆ ಜಾಗ ಹಿಡಿದು ಕೂರ್ತಿದ್ದ ಕಾಲದಲ್ಲೂ ಕೆಟ್ಟ ಕಾರ್ಯಕ್ರಮಗಳು ಬೇಕಾದಷ್ಟಿದ್ದವು. ಆದರೆ 1998ರಲ್ಲಿ ಟಿ. ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ 'ಮಾಯಾಮೃಗ' ದೂರದರ್ಶನದಲ್ಲಿ ಬರುವಾಗ ಆ ಜನ ನಮಗೆ ಗೊತ್ತಿರೋರ ಥರ ಇದ್ದರು. ಆಮೇಲೆ ಈಟಿವಿ ಕನ್ನಡದಲ್ಲಿ 'ಮುಕ್ತ' ಬಂತು. ಸೀತಾರಾಂ ಸೀರಿಯಲ್‌ಗಳ ಕೋರ್ಟ್ ದೃಶ್ಯಕ್ಕೆ ನಮ್ಮಪ್ಪ ಕೊಟ್ಟಿಗೆ ಕೆಲಸ ಬೇಗ ಮುಗಿಸ್ತಿದ್ದ. ತಾಲ್ಲೂಕು ಕೋರ್ಟಿಗೆ ಅಲೆದು ಸುಸ್ತಾಗಿದ್ದ ಮನುಷ್ಯ ಅವನು. ಟಿವಿಯ ಕೋರ್ಟಲ್ಲಿ ವಾದ ಪೂರ್ತಿ ನಡೆಯೋದನ್ನು ನೋಡಿ ಅವನಿಗೆ ಏನೋ ಸಮಾಧಾನ.

ಈಗಿನದರಲ್ಲೂ ಇಲ್ಲ ಅಂತಲ್ಲ. ಇಸ್ತ್ರಿ ಅಂಗಡಿಯಿಂದ ಅಮ್ಮ ದಿನಾ ತಪ್ಪದೆ ತರ್ತಿದ್ದ ಕಥೆ 'ಪುಟ್ಟಕ್ಕನ ಮಕ್ಕಳು'. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾದದ್ದು. ಉಮಾಶ್ರೀ ಅದರಲ್ಲಿ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕೋ ತಾಯಿ. ಎದುರಿಗೆ ಬಡ್ಡಿ ವ್ಯವಹಾರದ ಬಂಗಾರಮ್ಮ. ಅಂದರೆ ಈ ಕಥೆಯ ಎರಡು ಕಡೆಯ ಹೆಂಗಸರೂ ದುಡ್ಡು ಎಣಿಸೋರು. ಒಬ್ಬಳು ಊಟ ಬಡಿಸಿ, ಇನ್ನೊಬ್ಬಳು ಬಡ್ಡಿ ವಸೂಲಿ ಮಾಡಿ. "ಅವಳಿಗೆ ಅಕ್ಕಿ ರೇಟು ಗೊತ್ತು ಕಣಪ್ಪ" ಅಂತ ಅಮ್ಮ ಪುಟ್ಟಕ್ಕನ ಬಗ್ಗೆ ಒಮ್ಮೆ ಹೇಳಿದಳು. ನಾನು ಓದಿದ ಯಾವ ಟಿವಿ ವಿಮರ್ಶೆಯಲ್ಲೂ ಇಷ್ಟು ಸರಿಯಾದ ಮಾತು ಸಿಕ್ಕಿಲ್ಲ. ಆ ಸೀರಿಯಲ್‌ನಲ್ಲೂ ಬರಬರುತ್ತಾ ಸಂಚುಗಳು ಜಾಸ್ತಿಯಾಗಿ ಒಲೆ ಹಿಂದಕ್ಕೆ ಸರೀತು ಅನ್ನೋದು ನನ್ನ ಅಭಿಪ್ರಾಯ. ಆದರೂ ಶುರುವಿನ ಕಂತುಗಳಲ್ಲಿ ಆ ಮೆಸ್ಸಿನ ಒಲೆ ನಿಜವಾಗಿ ಉರೀತಿತ್ತು, ಜನ ನೋಡಿದ್ದೂ ಅದನ್ನೇ. ಅಕ್ಕಿ ರೇಟು ಗೊತ್ತಿರೋ ನಾಯಕಿಯನ್ನು ನಮ್ಮ ಜನ ನೋಡಲ್ಲ ಅನ್ನೋ ನೆಪ ಚಾನೆಲ್‌ನವರಿಗೆ ಇನ್ನು ಇಲ್ಲ.

ಕೆಲವರು ಹೇಳಬಹುದು, ಈಗ ಕೇಬಲ್ ಯಾರಿಗೆ ಬೇಕು, ಓಟಿಟಿ ಇದೆಯಲ್ಲ ಅಂತ. ನಾನೂ ಹಾಗೇ ಅಂದುಕೊಂಡೆ. ಎರಡು ಆ್ಯಪ್‌ಗೆ ದುಡ್ಡು ಕಟ್ಟಿದೆ, ಬ್ರಾಡ್‌ಬ್ಯಾಂಡ್ ಪ್ಲಾನ್ ಒಂದು ಮೆಟ್ಟಿಲು ಏರಿಸಿದೆ. ಮೂರನೇ ತಿಂಗಳು ಎಕ್ಸೆಲ್ ನೋಡಿದರೆ ಹದಿನೇಳನೇ ಸಾಲಿನಲ್ಲಿ ಉಳಿದ 430 ರೂಪಾಯಿ ಇಪ್ಪತ್ತೊಂದನೇ ಸಾಲಿನಲ್ಲಿ 600 ಆಗಿ ಕೂತಿತ್ತು. ಅದಕ್ಕಿಂತ ಹೆಚ್ಚಾಗಿ, ಅಮ್ಮ ರಿಮೋಟ್ ಹಿಡಿದು ಕೆಳಗೆ ಒತ್ತುತ್ತಾ ಹೋದರೆ ಕೊರಿಯಾ ಬರುತ್ತೆ, ಸ್ಪೇನ್ ಬರುತ್ತೆ, ಕನ್ನಡ ಬರೋಕೆ ಸುಮಾರು ಹೊತ್ತು ಹಿಡಿಯುತ್ತೆ. ಕರಾವಳಿಯ ಕಥೆಗಳನ್ನಿಟ್ಟು ಮಾಡಿದ 'ಏಕಂ' ಅನ್ನೋ ಕನ್ನಡ ವೆಬ್ ಸರಣಿಯನ್ನು ಕೊಳ್ಳೋಕೆ ದೊಡ್ಡ ವೇದಿಕೆಗಳು ಮುಂದೆ ಬರದೆ, 2024ರ ಜುಲೈನಲ್ಲಿ ರಕ್ಷಿತ್ ಶೆಟ್ಟಿ ಅದನ್ನು ತಮ್ಮದೇ ವೆಬ್‌ಸೈಟ್‌ನಲ್ಲಿ ಬಿಡುಗಡೆ ಮಾಡಬೇಕಾಯ್ತು. ಕೇಬಲ್‌ನಲ್ಲಿ ಕನ್ನಡ ಬೇಡ ಅಂದ್ರೂ ಬರುತ್ತೆ. ಅಲ್ಲಿ ಬೇಕು ಅಂದ್ರೂ ಹುಡುಕಬೇಕು.

ಇದರಲ್ಲಿ ನಮ್ಮ ಪಾಲಿನ ತಪ್ಪೂ ಇದೆ. ದಶಕಗಳ ಕಾಲ ಡಬ್ಬಿಂಗ್ ಬಾಗಿಲು ಮುಚ್ಚಿಕೊಂಡು ಕೂತವರು ನಾವು. 1988ರಲ್ಲಿ ದೂರದರ್ಶನದ ಮಹಾಭಾರತವನ್ನು ಅಮ್ಮ ಹಿಂದಿಯ ಒಂದಕ್ಷರ ಬರದೆ ನೋಡಿದಳು. ಕಥೆ ಗೊತ್ತಿತ್ತು, ನಡೀತು. 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಇನ್ನೊಂದು ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಬಂದಾಗ, ಅವಳು ಕೃಷ್ಣನ ಮಾತಿಗೆ ಎದುರು ಮಾತಾಡೋದನ್ನು ಮೊದಲ ಸಲ ಕೇಳಿದೆ. "ಹಂಗಂತ ನೀನು ಮೊದ್ಲೇ ಹೇಳ್ಬೋದಿತ್ತಲ್ಲ" ಅಂತ. ಭಾಷೆ ತಿಳಿದಾಗ ಮಾತ್ರ ಜಗಳ ಆಡೋಕೆ ಆಗುತ್ತೆ.

ಕೊನೆಗೆ ಕೇಬಲ್ ವಾಪಸ್ ಬಂದ ಕಥೆ. ಆಗಸ್ಟ್‌ನಲ್ಲಿ ಊರಿಂದ ಚಿಕ್ಕಪ್ಪ ಕಾಯಿ ಮಾರಿದ ದುಡ್ಡು ಕಳಿಸಿದ್ದರು. ಅದು ಪ್ರತಿ ಸಲ ನನ್ನ ಅಕೌಂಟಿಗೇ ಬರುತ್ತೆ. ಸಂಜೆ ಅಮ್ಮ ಬಾಗಿಲ ಹತ್ತಿರ ನಿಂತು, "ಕಾಯಿ ದುಡ್ಡಲ್ಲಿ ನಂದೂ ಅಂತ ಏನಾದ್ರೂ ಇದ್ರೆ, ಆ ಕೇಬಲ್‌ಗೆ ಕಟ್ತೀಯಾ?" ಅಂದಳು. ಅವಳು ರಾತ್ರಿ ಮಲಗಿದ ಮೇಲೆ ಶೀಟ್ ತೆಗೆದೆ. ಆದಾಯದ ಕಡೆ ಮೂರನೇ ಸಾಲು, 'ಊರು – ಕಾಯಿ'. ವರ್ಷಕ್ಕೆ ಕೇಬಲ್ಲಿನ ಎಷ್ಟೋ ಪಟ್ಟು. ಆ ತೋಟ ಅವಳ ಹೆಸರಲ್ಲಿದೆ. ಆ ಮರಗಳಿಗೆ ನೀರು ಹೊತ್ತವಳೂ ಅವಳೇ. ಹದಿನೇಳನೇ ಸಾಲನ್ನು ಅಳಿಸುವಾಗ ಇದೇ ಶೀಟಿನ ಮೂರನೇ ಸಾಲು ನನ್ನ ಕಣ್ಣೆದುರೇ ಇತ್ತು. ಯಾರು ದುಡಿದರು ಅಂತ ಸೀರಿಯಲ್‌ನವರು ಕೇಳಲ್ಲ ಅಂತ ಮೇಲೆ ಬರೆದೆನಲ್ಲ, ನಾನೂ ಕೇಳಿರಲಿಲ್ಲ.

ಮಾರನೇ ದಿನ ಕೇಬಲ್ ಹುಡುಗನಿಗೆ ಫೋನ್ ಮಾಡಿದೆ. ಈ ಸಲ ಸ್ವಲ್ಪ ಓದಿಕೊಂಡು ಮಾಡಿದೆ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ಟ್ರಾಯ್ ವ್ಯವಸ್ಥೆಯಲ್ಲಿ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳೋ ಹಕ್ಕು ನಮಗಿದೆ. ಆಗ ಸಂಪರ್ಕದ ಶುಲ್ಕ 130 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಅದರಲ್ಲೇ ಉಚಿತ ಚಾನೆಲ್‌ಗಳು, ದೂರದರ್ಶನದ ಚಂದನ ಎಲ್ಲ ಬರುತ್ತೆ. 19 ರೂಪಾಯಿಯ ಒಂದು ಚಾನೆಲ್ ಸೇರಿಸಿದರೆ ತೆರಿಗೆ ಸೇರಿ 175 ರೂಪಾಯಿ 82 ಪೈಸೆ. ನಾನು ಇಷ್ಟು ವರ್ಷ 430 ಕೊಟ್ಟಿದ್ದು ಅಮ್ಮನ ಸೀರಿಯಲ್‌ಗಲ್ಲ, ಪ್ಯಾಕ್‌ನಲ್ಲಿ ಜೊತೆಗೆ ತುರುಕಿದ್ದ, ಮನೆಯಲ್ಲಿ ಯಾರೂ ನೋಡದ ಹತ್ತಾರು ಚಾನೆಲ್‌ಗಳಿಗೆ. "ಬಿಡಿ ಕೊಡಲ್ಲ ಸಾರ್, ಪ್ಯಾಕೇ ತಗೋಬೇಕು" ಅಂದ ಹುಡುಗ. ನಾಲ್ಕು ಸಲ ಫೋನ್ ಮಾಡಿದ ಮೇಲೆ ಕೊಟ್ಟ. ನಿಮ್ಮ ಮನೆಯಲ್ಲೂ ಬಿಲ್ ತೆಗೆದು ನೋಡಿ. ದರದ ನಿಯಮಗಳು ಆಮೇಲೆ ಬದಲಾಗಿವೆ, ಆದರೆ ಆರಿಸಿಕೊಳ್ಳೋ ಹಕ್ಕು ಹಾಗೇ ಇದೆ.

ಈಗ ಸಂಜೆ ಚಂದನದಲ್ಲಿ ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಬಂದರೆ ನಾನೂ ಕೂರ್ತೀನಿ. 2002ರಿಂದ ನಡೀತಿರೋ ಕಾರ್ಯಕ್ರಮ. ಗೆದ್ದವರಿಗೆ ಪುಸ್ತಕ ಕೊಡ್ತಾರೆ, ಗುಡುಗಲ್ಲ. ಆಮೇಲೆ ಅಮ್ಮನ ಸೀರಿಯಲ್. ಆ ಅರ್ಧ ಗಂಟೆಯಲ್ಲಿ ಈಗಲೂ ನನಗೆ ಬೇಜಾರಾಗುತ್ತೆ, ಸುಳ್ಳು ಹೇಳಲ್ಲ. ಮೊನ್ನೆ ಒಂದು ಬಂಗಲೆಯ ಯಜಮಾನಿ ಕೋಟಿಗಟ್ಟಲೆ ಆಸ್ತಿಯನ್ನು ಸೊಸೆಯ ಹೆಸರಿಗೆ ಬರೆದಳು. ಏಳು ಮುಖ, ಏಳು ಗುಡುಗು. ನಾನು ಅಮ್ಮನ ಮುಖ ನೋಡಿದೆ.

"ನೋಂದಣಿ ಖರ್ಚು ಯಾರು ಕೊಟ್ರಂತೆ?" ಅಂದಳು.